ತೆರೆದ ವಾಹನ

‘ರಸ್ತೆಯ ಇಕ್ಕೆಲಗಳಲ್ಲಿ ನೆರೆದ ಅಪಾರ ಜನಸ್ತೋಮದತ್ತ ಕೈ ಬೀಸುತ್ತ ತೆರೆದ ವಾಹನದಲ್ಲಿ ಸಾಗಿದರು.’ ಹನ್ನೊಂದು ವರ್ಷದ ಸ್ಟ್ರಿಂಗರ್ ಕೆಲಸದಲ್ಲಿ ಈ ಸಾಲನ್ನು ಎಷ್ಟು ಸಲ ಟೈಪ್ ಮಾಡಿದ್ದೇನೋ ಲೆಕ್ಕವಿಲ್ಲ. ಗೆದ್ದವರು, ಟಿಕೆಟ್ ಸಿಕ್ಕವರು, ಸಚಿವರಾಗಿ ಮೊದಲ ಸಲ ಜಿಲ್ಲೆಗೆ ಬಂದವರು, ರಜೆಗೆ ಬಂದ ಯೋಧರು, ಎಲ್ಲರಿಗೂ ಅದೇ ಸಾಲು. ಆ ವಾಹನ ಯಾವುದು ಎಂದು ಮಾತ್ರ ನಾವ್ಯಾರೂ ಬರೆಯುವುದಿಲ್ಲ. ಅದು ಜೀಪಿರಬಹುದು, ಟಂಟಂ ಇರಬಹುದು, ಹೂ ಕಟ್ಟಿದ ಟ್ರ್ಯಾಕ್ಟರ್ ಟ್ರೇಲರ್ ಇರಬಹುದು. ನಮ್ಮ ಪತ್ರಿಕಾ ಕನ್ನಡದಲ್ಲಿ ಎಲ್ಲವೂ ‘ತೆರೆದ ವಾಹನ’.

2023ರಿಂದ ನನ್ನ ಹೆಸರಿನಲ್ಲೂ ಅಂಥದೊಂದಿದೆ. ಮಾರುತಿ ಜಿಪ್ಸಿ, 2008ರ ಮಾಡೆಲ್, ಕೆಎ 28, ಮೇಲೆ ಕ್ಯಾನ್ವಾಸಿನ ಹುಡ್. ಬ್ಯಾಚಿನ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಫೋಟೊ ಹಾಕಿದಾಗ ‘ಲಗ್ಝುರಿ ಕನ್ವರ್ಟಿಬಲ್ ಓನರ್’ ಎಂದು ಕಾಲೆಳೆದಿರಿ. ತಮಾಷೆಗೆ ಹೇಳಿದ ಮಾತನ್ನೇ ನಾನು ಗಂಭೀರವಾಗಿ ತೆಗೆದುಕೊಂಡು ಇದನ್ನು ಬರೆಯುತ್ತಿದ್ದೇನೆ.

ನಿಜವಾದ ಐಷಾರಾಮಿ ಕನ್ವರ್ಟಿಬಲ್ ಎಂದರೆ ಬಿಎಂಡಬ್ಲ್ಯು, ಮರ್ಸಿಡಿಸ್ ಕಂಪನಿಗಳದ್ದು. ಗುಂಡಿ ಒತ್ತಿದರೆ ಛತ್ತು ಮಡಚಿಕೊಂಡು ಡಿಕ್ಕಿಯೊಳಗೆ ಹೋಗಿ ಕೂಡುತ್ತದೆ. ಬೆಲೆ ಒಂದು ಕೋಟಿಯ ಆಸುಪಾಸು. ನನ್ನದರಲ್ಲಿ ಗುಂಡಿ ಇಲ್ಲ. ಹಿಂದಿನ ಪರದೆಯ ಬಕಲ್ ಬಿಚ್ಚಬೇಕು, ಎರಡೂ ಬದಿಯ ಪ್ಲಾಸ್ಟಿಕ್ ಕಿಟಕಿ ಕಳಚಬೇಕು, ಕ್ಯಾನ್ವಾಸ್ ಸುತ್ತಬೇಕು, ಪೈಪಿನ ಚೌಕಟ್ಟು ಮಡಚಬೇಕು. ಇಬ್ಬರಿದ್ದರೆ ಹತ್ತು ನಿಮಿಷ, ಒಬ್ಬನೇ ಇದ್ದರೆ ಅರ್ಧ ತಾಸು ಮತ್ತು ಒಂದು ಬೆರಳಿನ ತೊಗಲು. ಎಸಿ ಇಲ್ಲ, ಪವರ್ ಸ್ಟಿಯರಿಂಗ್ ಇಲ್ಲ. 1985ರಿಂದ 2019ರ ತನಕ ಈ ಗಾಡಿ ಹೆಚ್ಚೇನೂ ಬದಲಾಗದೆ ಬಂತು. ಸೈನ್ಯದವರು, ಪೊಲೀಸರು ಕೊಂಡಷ್ಟು ಮನೆಮಂದಿ ಕೊಂಡಿದ್ದು ಕಡಿಮೆ. ಯಾಕೆಂದರೆ ಕಮಾನ್ ಪಾಟಾದ ಮೇಲೆ ಕೂತ ಗಾಡಿ, ತಗ್ಗಿಗೆ ಬಿದ್ದರೆ ಆ ಸುದ್ದಿ ನೇರವಾಗಿ ಬೆನ್ನುಮೂಳೆಗೆ ಮುಟ್ಟಿಸುತ್ತದೆ. ನಾನು ಮಾಡಿಸಿದ ಐಷಾರಾಮ ಒಂದೇ: ಮುಂದಿನ ಎರಡು ಸೀಟಿಗೆ ದಪ್ಪ ಫೋಮಿನ ಕುಶನ್. ಅದರ ಮೇಲೆ ಕೂತು ಬೆಳಗಿನ ಆರು ಗಂಟೆಗೆ ತೊರವಿ ದಾಟಿ ಟಿಕೋಟಾ ಕಡೆ ಹೊರಟರೆ, ಕೋಟಿ ಕೊಟ್ಟವನಿಗೂ ಇದಕ್ಕಿಂತ ಹೆಚ್ಚಿನದೇನೂ ಸಿಗುವುದಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ಈಗ ದುಡ್ಡಿನ ಮಾತು. ಅದನ್ನು ಹೇಳದೆ ಮುಂದೆ ಹೋದರೆ ನೀವೂ ಊರವರ ಹಾಗೆಯೇ ಯೋಚಿಸುತ್ತೀರಿ. ಗಾಡಿ ಮನೆ ಮುಂದೆ ನಿಂತ ಮೂರನೇ ದಿನ ಚಾದಂಗಡಿಯಲ್ಲಿ ಒಬ್ಬರು ನಗುನಗುತ್ತಲೇ ಕೇಳಿದರು: “ಏನ್ ಸಾಹೇಬ್ರ, ಉಸುಕಿನವರು ಕೊಡಿಸಿದ್ರೋ, ಗರಸಿನವರು ಕೊಡಿಸಿದ್ರೋ?” ಅಕ್ರಮ ಗಣಿಗಾರಿಕೆ ಬಗ್ಗೆ ಆ ವರ್ಷ ನಾಲ್ಕು ಸುದ್ದಿ ಮಾಡಿದ್ದೆ. ಐದನೆಯದು ಬರಲಿಲ್ಲವಲ್ಲ, ಅದಕ್ಕೆ ಇದೇ ಕಾರಣ ಎಂದು ಜನ ಕೂಡಿಸಿ ಕಳೆದು ಮುಗಿಸಿದ್ದರು.

ಕೊಟ್ಟಿದ್ದು ₹1,85,000. ಬೈಕ್ ಮಾರಿದ್ದು 42 ಸಾವಿರ. ಮೂರು ಸೀಸನ್ ಮದುವೆ ವಿಡಿಯೊ ಮಾಡಿ ಕೂಡಿಟ್ಟಿದ್ದು 70. ಹೆಂಡತಿ ಸ್ವಸಹಾಯ ಸಂಘದಿಂದ ಎತ್ತಿಕೊಟ್ಟ ಸಾಲ 50. ಉಳಿದ 23 ಸಾವಿರ ಈ ಬ್ಲಾಗಿನಲ್ಲೇ ಬರೆಯುವ ಒಬ್ಬ ಗೆಳೆಯನದು, ಅವನು ಹೆಸರು ಹಾಕಬೇಡ ಎಂದಿದ್ದಾನೆ. ಅಷ್ಟು ಅಗ್ಗಕ್ಕೆ ಸಿಗಲು ಕಾರಣವಿದೆ. ಖಾಸಗಿ ಗಾಡಿಯ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ, ಆಮೇಲೆ ಐದೈದು ವರ್ಷಕ್ಕೊಮ್ಮೆ ನವೀಕರಿಸಬೇಕು. 2022ರ ಏಪ್ರಿಲ್‌ನಲ್ಲಿ ಕಾರಿಗೆ ಆ ಶುಲ್ಕವೇ ಐದು ಸಾವಿರ ಆಗಿತ್ತು. ಮಾರಿದ ದ್ರಾಕ್ಷಿ ಬೆಳೆಗಾರರಿಗೆ ಆ ತಿರುಗಾಟ ಬೇಡವಾಗಿತ್ತು. ಅವರ ಮಗ ಅಷ್ಟರಲ್ಲಿ ಹೊಸ ಥಾರ್ ತಂದಿದ್ದ.

ಈ ಲೆಕ್ಕವನ್ನು ಚಾದಂಗಡಿಯಲ್ಲಿ ಯಾರಿಗೂ ಹೇಳಲಿಲ್ಲ. ಸ್ಟ್ರಿಂಗರ್ ಎಂದರೆ ತಿಂಗಳಿಗೆ ಬರುವ ಗೌರವಧನ ಪೆಟ್ರೋಲಿಗೂ ಸಾಲದು ಎಂಬುದು ಎಲ್ಲರಿಗೂ ಗೊತ್ತು. ಆದ್ದರಿಂದ ಅವನ ಕಾಲಲ್ಲಿ ಒಳ್ಳೆ ಚಪ್ಪಲಿ ಕಂಡರೂ ಅದು ಯಾರೋ ಕೊಟ್ಟಿದ್ದೇ. ನಮ್ಮ ಕಸುಬಿನವರು ಕೆಲವರು ಕವರ್ ತೆಗೆದುಕೊಂಡು ತೆಗೆದುಕೊಂಡು ಜನರಿಗೆ ಈ ಅಭ್ಯಾಸ ಮಾಡಿಸಿದ್ದಾರೆ, ಜನರ ತಪ್ಪಲ್ಲ. ಆದರೆ ಬಡವನಾಗಿ ಕಾಣಿಸಿಕೊಳ್ಳುವುದೇ ಪ್ರಾಮಾಣಿಕತೆಯ ಸರ್ಟಿಫಿಕೇಟ್ ಎನ್ನುವುದನ್ನು ನಾನು ಒಪ್ಪುವುದಿಲ್ಲ. ಸ್ವಿಫ್ಟ್ ಕೊಂಡ ಪತ್ರಕರ್ತನನ್ನು ಯಾರೂ ಕೇಳುವುದಿಲ್ಲ, ಅದು ಹೆಂಡರು ಮಕ್ಕಳಿಗಾಗಿ. ಛತ್ತಿಲ್ಲದ ಗಾಡಿ ಬರೀ ಖುಷಿಗಾಗಿ ಎಂಬುದು ದೂರದಿಂದಲೇ ಕಾಣುತ್ತದೆ, ಅದಕ್ಕೇ ಅದು ಕಣ್ಣಿಗೆ ಚುಚ್ಚುತ್ತದೆ. ನಮ್ಮ ಸೋದರಮಾವ ಬಿಜ್ಜರಗಿಯವರು. ಸಿದ್ಧೇಶ್ವರ ಸ್ವಾಮೀಜಿ ಹುಟ್ಟಿದ ಊರು. ಮಾವ ಗಾಡಿಯ ಸುತ್ತ ಒಂದು ಸುತ್ತು ಬಂದು ಹೇಳಿದ್ದು ಇಷ್ಟು: “ಅಪ್ಪಾವ್ರು ಅಂಗಿಗೆ ಕಿಸೇನೇ ಇಡಲಿಲ್ಲ. ನೀ ನೋಡಿದ್ರ ಛತ್ತ ಇಲ್ಲದ್ದಕ್ಕ ಎರಡ ಲಕ್ಷ ಕೊಟ್ಟಿ.” ಇದಕ್ಕೆ ಉತ್ತರ ಇವತ್ತಿಗೂ ಹೊಳೆದಿಲ್ಲ.

ನಮ್ಮ ಅಪ್ಪ ಮೂವತ್ತು ವರ್ಷ ವಿಜಯಪುರದಲ್ಲಿ ಟಾಂಗಾ ಹೊಡೆದವರು. ಗೋಳಗುಮ್ಮಟದ ಮುಂದೆ ನಿಂತು, ಬಂದ ಪ್ರವಾಸಿಗರನ್ನು ಕೂಡಿಸಿಕೊಂಡು, ಮಲಿಕ್-ಎ-ಮೈದಾನ್ ತೋಫು ತೋರಿಸಿ ಇಬ್ರಾಹಿಂ ರೋಜಾಕ್ಕೆ ಬಿಟ್ಟು ಬರುವುದು ಅವರ ದಿನಚರಿ. ಆಟೊ ಹೆಚ್ಚಿದ ಮೇಲೆ ಊರಿನ ಮಂದಿ ಟಾಂಗಾ ಹತ್ತುವುದು ಕಡಿಮೆಯಾಯಿತು, ಪ್ರವಾಸಿಗರು ಮಾತ್ರ ಉಳಿದರು. ಕುದುರೆಯ ಹೊಟ್ಟೆಗೆ ದುಡಿದಿದ್ದೇ ಆಗುತ್ತಿದೆ ಎಂದಾಗ ಅಪ್ಪ ಬಿಟ್ಟರು. ಜಿಪ್ಸಿ ತಂದ ಮೇಲೆ ನಾನು ಓದಿ ತಿಳಿದ ಸಂಗತಿಯೊಂದನ್ನು ಅವರಿಗೆ ಹೇಳಿದೆ. ಇಂಥ ಕಾರಿಗೆ ಯುರೋಪಿನಲ್ಲಿ ಕ್ಯಾಬ್ರಿಯೋಲೆ ಎನ್ನುತ್ತಾರೆ. ಆ ಹೆಸರು ಮೊದಲು ಕಾರಿನದಲ್ಲ. ಎರಡು ಗಾಲಿ, ಒಂದು ಕುದುರೆ, ಮಡಚುವ ಹುಡ್ ಇದ್ದ ಹಗುರ ಗಾಡಿಯದು. ಓಡುವಾಗ ಆಡಿನ ಹಾಗೆ ಜಿಗಿಯುತ್ತಿತ್ತು, ಅದಕ್ಕೆ ಫ್ರೆಂಚರು ಜಿಗಿತಕ್ಕೆ ಹೇಳುವ ಪದದಿಂದ ಆ ಹೆಸರು ಕಟ್ಟಿದರು. ಬೆಂಗಳೂರಿನಲ್ಲಿ ನಾವು ಬುಕ್ ಮಾಡುವ ‘ಕ್ಯಾಬ್’ ಕೂಡ ಅದರದೇ ತುಂಡು. ಅಪ್ಪ ಪೂರ್ತಿ ಕೇಳಿ, “ಅಂದ್ರ ಟಾಂಗಾನ ಆತಲ್ಲೋ” ಎಂದರು. ಮರುದಿನ ಬೆಳಿಗ್ಗೆ ಕರೆಯದೇ ಬಂದು ಮುಂದಿನ ಸೀಟಿನಲ್ಲಿ ಕೂತಿದ್ದರು.

ಕಾರುಗಳ ಕಥೆಯೂ ಹಾಗೇ ಸಾಗಿದೆ. ಶುರುವಿನಲ್ಲಿ ಹೆಚ್ಚಿನವು ಛತ್ತಿಲ್ಲದವೇ. ಮುಚ್ಚಿದ ಕಾರು ದುಬಾರಿ, ಉಳ್ಳವರದು. 1920ರ ದಶಕದಲ್ಲಿ ಅಮೆರಿಕದಲ್ಲಿ ಮುಚ್ಚಿದ ಕಾರು ಅಗ್ಗವಾಗಿ ಎಲ್ಲರಿಗೂ ಸಿಕ್ಕಿತು, ಆಮೇಲೆ ತೆರೆದದ್ದೇ ಷೋಕಿಯ ವಸ್ತುವಾಯಿತು. 1963ರಲ್ಲಿ ಡಲ್ಲಾಸಿನಲ್ಲಿ ಕೆನಡಿಯವರಿಗೆ ಗುಂಡು ಬಿದ್ದದ್ದು ತೆರೆದ ಲಿಂಕನ್ ಕಾರಿನಲ್ಲಿ ಕೂತಾಗ. ನಮ್ಮಲ್ಲಿ ಮಾತ್ರ ರಾಜಕಾರಣಿಗಳಿಗೆ ಆ ಮೋಹ ಬಿಟ್ಟಿಲ್ಲ, ನಮಗೆ ಆ ಸಾಲು ಬರೆಯುವುದು ತಪ್ಪಿಲ್ಲ.

ಇಲ್ಲಿನ ಹವೆಗೆ ಇದು ಹೇಳಿಸಿದ ಗಾಡಿಯಲ್ಲ ಎನ್ನುವುದು ನಿಜ. ಏಪ್ರಿಲ್-ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಜಿಲ್ಲೆ. ಹನ್ನೊಂದರಿಂದ ಐದರ ತನಕ ಹುಡ್ ಇಳಿಸಿದರೆ ಸ್ಟಿಯರಿಂಗ್ ಹಿಡಿಯಲಾಗುವುದಿಲ್ಲ. ಎರೆ ಹೊಲದ ಧೂಳು ಮೂಗಿನಲ್ಲಿ, ಕಿವಿಯಲ್ಲಿ, ಕ್ಯಾಮೆರಾದ ಲೆನ್ಸಿನಲ್ಲಿ. ಅದಕ್ಕೇ ಇದರ ಸುಖ ದಿನದ ಎರಡು ತುದಿಗಳಲ್ಲಿ ಮಾತ್ರ. ಆ ಎರಡು ತುದಿಗಳಿಗಾಗಿ ನಾನು ಕೆಲಸದ ಹೊತ್ತನ್ನೇ ಬದಲಿಸಿಕೊಂಡಿದ್ದೇನೆ. ತೊರವಿಯಿಂದ ಅಥಣಿ ರಸ್ತೆ ಹಿಡಿದರೆ ಒಂದು ಕಡೆ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯದ ಕ್ಯಾಂಪಸ್ಸು, ಊರ ಹತ್ತಿರವೇ ಸಂಗೀತ ಮಹಲಿನ ಕಮಾನುಗಳು. ಎರಡನೇ ಇಬ್ರಾಹಿಂ ಆದಿಲ್‌ಶಾಹ 1599ರಲ್ಲಿ ಇಲ್ಲಿ ನವರಸಪುರ ಎಂಬ ಹೊಸ ಪಟ್ಟಣವನ್ನೇ ಕಟ್ಟಿಸಲು ಹೊರಟಿದ್ದ. ಹಾಡು, ವೀಣೆ ಎಂದರೆ ಜೀವ ಬಿಡುತ್ತಿದ್ದ ದೊರೆ. 1624ರಲ್ಲಿ ಮಲಿಕ್ ಅಂಬರನ ಸೈನ್ಯ ಬಂದು ಅದನ್ನು ಹಾಳುಗೆಡವಿತು. ಖುಷಿಗಾಗಿ ಕಟ್ಟಿದ್ದಕ್ಕೆ ನಮ್ಮೂರಿನಲ್ಲಿ ಹಳೆಯ ಉದಾಹರಣೆ ಇದೆ ಎಂದು ಮಾವನಿಗೆ ಹೇಳಬಹುದಿತ್ತು, ಆದರೆ ಅದರ ಗತಿ ನೋಡಿ ಸುಮ್ಮನಾದೆ.

ಮಾರ್ಚ್ ತಿಂಗಳ ರಾತ್ರಿ ಎಂಟರ ಮೇಲೆ ಟಿಕೋಟಾ ಭಾಗದಲ್ಲಿ ಒಮ್ಮೆ ಹುಡ್ ಇಳಿಸಿ ಹೋಗಿ ನೋಡಬೇಕು. ದ್ರಾಕ್ಷಿಯನ್ನು ಪೊಟ್ಯಾಸಿಯಂ ಕಾರ್ಬೊನೇಟ್ ಮತ್ತು ಡಿಪ್ಪಿಂಗ್ ಎಣ್ಣೆ ಕಲಸಿದ ನೀರಿನಲ್ಲಿ ಅದ್ದಿ ಶೆಡ್ಡಿನ ಜಾಳಿಗೆಗಳ ಮೇಲೆ ಹರವಿರುತ್ತಾರೆ. ಹದಿನೈದು ದಿನಗಳ ಹೊತ್ತಿಗೆ ಅದು ಮನೂಕವಾಗುತ್ತದೆ. ಹಸಿ ದ್ರಾಕ್ಷಿಯ ಹುಳಿ, ಒಣಗುತ್ತಿರುವುದರ ಸಿಹಿ, ಎರಡೂ ಕೂಡಿದ ಒಂದು ವಾಸನೆ ರಸ್ತೆಯ ಮೇಲೆ ತೂಗುತ್ತಿರುತ್ತದೆ. ಒಂದು ಶೆಡ್ ದಾಟಿ ಇನ್ನೊಂದು ಬರುವ ತನಕ ಅದು ಸಣ್ಣಗಾಗಿ ಮತ್ತೆ ಗಟ್ಟಿಯಾಗುತ್ತದೆ. ಬೈಕಿನಲ್ಲಿ ಹತ್ತು ವರ್ಷ ಇದೇ ದಾರಿ ತಿರುಗಿದ್ದೇನೆ, ಹೆಲ್ಮೆಟ್ಟಿನೊಳಗೆ ಅದು ಇಷ್ಟು ಬಿಡಿಬಿಡಿಯಾಗಿ ಬಂದಿರಲಿಲ್ಲ. ಬಬಲೇಶ್ವರದ ಕಡೆ ಹೊರಳಿದರೆ ಬೇರೆಯೇ ಗಾಳಿ. ತುಬಚಿ–ಬಬಲೇಶ್ವರ ಏತ ನೀರಾವರಿಯಿಂದ ಕೃಷ್ಣೆಯ ನೀರು ಬಂದ ಹಳ್ಳಿಗಳಲ್ಲಿ ಸಂಜೆ ಕಾಲುವೆ ಹತ್ತಿರ ಬಂದೊಡನೆ ತೋಳಿಗೆ ತಂಪು ತಾಗುತ್ತದೆ. ಯಾವ ಊರಿಗೆ ನೀರು ಮುಟ್ಟಿದೆ, ಯಾವುದಕ್ಕೆ ಮುಟ್ಟಿಲ್ಲ ಎಂಬುದು ಅಧಿಕಾರಿಗಳ ಪಟ್ಟಿಗಿಂತ ಮೊದಲು ತೊಗಲಿಗೆ ಗೊತ್ತಾಗುತ್ತದೆ. ಎರಡು ಸುದ್ದಿ ನನಗೆ ಹೀಗೇ ಸಿಕ್ಕಿವೆ.

ಇನ್ನೊಂದು ಲಾಭ. ಕಾರಿನ ಗಾಜು ಇಳಿಸಿ ಮಾತಾಡಿಸಿದರೆ ರೈತ ನಿಂತುಕೊಂಡೇ ಉತ್ತರ ಕೊಡುತ್ತಾನೆ, “ಹೌದ್ರಿ”, “ಇಲ್ರಿ”. ಜಿಪ್ಸಿಗೆ ಗಾಜೇ ಇಲ್ಲದ ಹಾಗಾದಾಗ ಬಂದು ಬಾನೆಟ್ಟಿಗೆ ಒರಗುತ್ತಾನೆ, ಹಿಂದಿನ ಬೆಂಚಿನ ಮೇಲೆ ಚೀಲ ಇಡುತ್ತಾನೆ, ತಾಸುಗಟ್ಟಲೆ ಮಾತಾಡುತ್ತಾನೆ. ಆದರೆ ಕ್ಯಾಮೆರಾ ಬಿಟ್ಟು ಚಾಕ್ಕೆ ಇಳಿಯುವ ಹಾಗಿಲ್ಲ, ಬಟ್ಟೆಗೆ ಬೀಗ ಹಾಕಲಾಗುವುದಿಲ್ಲ.

2020ರಲ್ಲಿ ಬಂದ ಹೊಸ ಥಾರ್‌ನಲ್ಲಿ ಮಡಚುವ ಛತ್ತಿನ ಮಾಡೆಲ್ಲೂ ಇತ್ತು. ನಮ್ಮ ಕಡೆ ದ್ರಾಕ್ಷಿ ರೇಟು ಚೆನ್ನಾಗಿದ್ದ ವರ್ಷ ಕೆಲವರು ಕೊಂಡರು. ಅದನ್ನು ಬಿಚ್ಚಿದ್ದು ನಾನು ನೋಡಿದ್ದು ಒಂದೇ ಸಲ, ಷೋರೂಮಿನಿಂದ ತಂದ ದಿನ, ಪೂಜೆಯ ಫೋಟೊಕ್ಕೆ. ಆಮೇಲೆ ಎಸಿ ಹಾಕಿ ಮುಚ್ಚಿದ್ದೇ ಮುಚ್ಚಿದ್ದು.

2024ರ ಲೋಕಸಭೆ ಚುನಾವಣೆ ಹೊತ್ತಿಗೆ ಈ ಗಾಡಿಯ ನಿಜವಾದ ಬೆಲೆ ತಿಳಿಯಿತು. ಮೇ 7ಕ್ಕೆ ನಮ್ಮಲ್ಲಿ ಮತದಾನ. ಅದಕ್ಕೂ ಎರಡು ವಾರ ಮೊದಲು ಒಂದು ಪಕ್ಷದ ಮುಖಂಡರೊಬ್ಬರು ಮನೆಗೇ ಬಂದರು. ರೋಡ್ ಷೋಗೆ ಮೂರು ದಿನ ಗಾಡಿ ಬೇಕು, ದಿನಕ್ಕೆ ಐದು ಸಾವಿರ, ಪೆಟ್ರೋಲ್ ಅವರದೇ. ಹದಿನೈದು ಸಾವಿರ ಎಂದರೆ ಪತ್ರಿಕೆಯಿಂದ ನನಗೆ ಬರುವ ಎರಡು ತಿಂಗಳ ದುಡ್ಡಿಗಿಂತ ಹೆಚ್ಚು. ಒಳಗೆ ಹೆಂಡತಿ ಸಂಘದ ಕಂತಿನ ಪುಸ್ತಕ ಹಿಡಿದು ಕೂತಿದ್ದಳು. “ಬಿಳಿ ಬೋರ್ಡಿನ ಗಾಡಿ, ಬಾಡಿಗಿಗೆ ಕೊಡಂಗಿಲ್ರಿ” ಎಂದೆ. “ಬಾಡಿಗಿ ಯಾರು ಅಂದ್ರು, ಪ್ರೀತಿಗೆ ಕೊಡ್ರಿ” ಎಂದರು. ಆಗ ಇನ್ನೊಂದು ಹೇಳಬೇಕಾಯಿತು. ಪ್ರಚಾರದ ಪ್ರತಿ ವಾಹನಕ್ಕೂ ಚುನಾವಣಾಧಿಕಾರಿಯ ಅನುಮತಿ ಬೇಕು. ಅದರ ಖರ್ಚು ಅಭ್ಯರ್ಥಿಯ 95 ಲಕ್ಷದ ಮಿತಿಯೊಳಗೆ ಲೆಕ್ಕಕ್ಕೆ ಹೋಗುತ್ತದೆ. ನಾಳೆ ಆ ಲೆಕ್ಕಪತ್ರದಲ್ಲಿ ನನ್ನ ಗಾಡಿಯ ನಂಬರ್ ಇರುತ್ತದೆ, ಅದೇ ಚುನಾವಣೆಯ ಸುದ್ದಿಯ ಮೇಲೆ ನನ್ನ ಊರಿನ ಹೆಸರಿರುತ್ತದೆ. ಅವರಿಗೆ ಅರ್ಥವಾಯಿತು. ಅರ್ಥವಾಯಿತು ಎಂದು ತೋರಿಸಿದ್ದು ಬೇರೆ ರೀತಿ: ಅವತ್ತೇ ರಾತ್ರಿ ಅವರ ಪತ್ರಿಕಾ ಪ್ರಕಟಣೆಗಳ ಗುಂಪಿನಿಂದ ನನ್ನ ನಂಬರ್ ಹೊರಗೆ ಬಿತ್ತು. ದೀಪಾವಳಿಗೆ ಅವರ ಕಡೆಯಿಂದ ಬರುತ್ತಿದ್ದ ಜಾಹೀರಾತು ಆ ವರ್ಷ ಬರಲಿಲ್ಲ. ಜಾಹೀರಾತಿನ ಕಮಿಷನ್ ಇಲ್ಲದೆ ಸ್ಟ್ರಿಂಗರ್ ಮನೆಯ ಹಬ್ಬ ಹೇಗಿರುತ್ತದೆ ಎಂದು ಇದನ್ನು ಓದುವ ನಿಮಗೆ ಬಿಡಿಸಿ ಹೇಳಬೇಕಿಲ್ಲ. ಹೆಂಡತಿ ಎರಡು ದಿನ ಮಾತಾಡಲಿಲ್ಲ. ಮೂರನೇ ದಿನ ಸಂಜೆ, “ಇಳಸ್ರಿ ಅದನ್ನ, ಒಂದ್ ಸುತ್ತು ಹೋಗಿ ಬರೂಣು. ಕೊಡಲಿಲ್ಲ ಅಂದ ಮ್ಯಾಲ ನಾವರ ಕೂಡಬೇಕಲ್ಲ” ಎಂದಳು. ತೊರವಿ ನರಸಿಂಹ ದೇವರ ಗುಡಿ ತನಕ ಹೋಗಿ ಬಂದೆವು.

ಮದುವೆಗೆ ಕೇಳಿದವರಿಗೆ ಒಂದೇ ಸಲ ಕೊಟ್ಟಿದ್ದೇನೆ, ಓಣಿಯ ಹುಡುಗಿಗೆ, ಪೆಟ್ರೋಲೂ ನನ್ನದೇ. ಅಕ್ಕನ ಮಗಳು ಇಲ್ಲೇ ಮಹಿಳಾ ವಿವಿಯಲ್ಲಿ ಎಂಎ ಓದುತ್ತಾಳೆ. ರವಿವಾರ ಬಂದು ಗೇರು ಹಾಕುವುದನ್ನು ಕಲಿಯುತ್ತಿದ್ದಾಳೆ. ಪಕ್ಕದಲ್ಲಿ ಅಪ್ಪ ಕೂತು, ಲಗಾಮು ಹಿಡಿಸಿದ ಹಾಗೆ ಕಲಿಸುತ್ತಾರೆ. “ಜಗ್ಗಬ್ಯಾಡವಾ, ಅದಕ್ಕ ಗೊತ್ತಾಗ್ತದ, ಸಾವಕಾಶ ಬಿಡು” ಎನ್ನುತ್ತಾರೆ. ಅವರಿಗೆ ಸ್ವತಃ ಗಾಡಿ ನಡೆಸಲು ಬರುವುದಿಲ್ಲ, ಆದರೂ ಕ್ಲಚ್ಚಿನ ವಿಷಯದಲ್ಲಿ ಅವರ ಮಾತು ಸರಿಯಾಗಿಯೇ ಇದೆ.

ಈ ಬೇಸಿಗೆಯಲ್ಲಿ ಕ್ಯಾನ್ವಾಸ್ ಬಲಗಡೆಯ ಮಡಿಕೆಯಲ್ಲಿ ಹರಿಯಿತು. ಹೊಸ ಹುಡ್ ಹೊಲಿಸಲು ಕುಶನ್ ಅಂಗಡಿಯವರು 14 ಸಾವಿರ ಹೇಳಿದ್ದಾರೆ. ಸಂಘದ ಸಾಲ ತೀರಲು ಇನ್ನೂ ಐದು ಕಂತಿವೆ. ಅಲ್ಲಿಯ ತನಕ ಗಾಡಿ ಮಾರಿದ ಬೆಳೆಗಾರರೇ ಮನೂಕ ಶೆಡ್ಡಿನದೊಂದು ಹಳೆ ತಾಡಪತ್ರಿ ಕೊಟ್ಟಿದ್ದಾರೆ. ಅದನ್ನೇ ಪೈಪಿಗೆ ಬಿಗಿದು ಕಟ್ಟಿದ್ದೇನೆ. ಜೋರು ಮಳೆಗೆ ಎಡಗಡೆ ಸೋರುತ್ತದೆ. ಹಾಗಾಗಿ ನನ್ನ ಹಿಂದಿನ ಜಾಗ ಹೆಂಡತಿಯದು, ಸೋರುವ ಕಡೆ ಅಪ್ಪ ಕೊಡೆ ಬಿಚ್ಚಿಕೊಂಡು ಕೂಡುತ್ತಾರೆ.