ಕಾಣದವರ ಪ್ರತಿಮೆ

ಪ್ರತಿಮೆಯೆಂದೊಡನೆ ಮನಸ್ಸಿಗೆ ಬರುವವರು ದೇವರು, ಅರಸರು, ವೀರರು, ಮಹಾಪುರುಷರು. ಎತ್ತರದ ಪೀಠ, ಗಂಭೀರವಾದ ಮುಖ, ಕೊರಳಲ್ಲೊಂದು ಹಾರ. ಕಸ ಗುಡಿಸುವವಳಿಗೂ ಒಂದು ಪ್ರತಿಮೆ ಬೇಕೆಂದರೆ ಜನ ನಕ್ಕಾರು. ಅಮೆರಿಕದ ಶಿಲ್ಪಿ ಡ್ವೇನ್ ಹ್ಯಾನ್ಸನ್ (1925–1996) ಅಂಥ ಪ್ರತಿಮೆಗಳನ್ನೇ ಮಾಡಿದನು.

1960ರ ದಶಕದಲ್ಲಿ ಯುದ್ಧ, ದೊಂಬಿಗಳಂಥ ಘೋರ ದೃಶ್ಯಗಳನ್ನು ರೂಪಿಸುತ್ತಿದ್ದ ಆತನ ದೃಷ್ಟಿ 1970ರ ಸುಮಾರಿಗೆ ನಿತ್ಯಜೀವನದ ಕಡೆಗೆ ಹೊರಳಿತು. ತಳ್ಳುಗಾಡಿಯ ತುಂಬ ಸಾಮಾನು ಹೇರಿಕೊಂಡ ಗೃಹಿಣಿ, ಕ್ಯಾಮೆರಾ ತೂಗುಹಾಕಿಕೊಂಡ ಪ್ರವಾಸಿ, ದುಡಿದು ದಣಿದ ಕೂಲಿಗಾರ ಇವರೇ ಆತನ ನಾಯಕರಾದರು.

ಈ ಶಿಲ್ಪಗಳನ್ನು ಆತ ಕಲ್ಲಿನಲ್ಲಿ ಕಡೆಯಲಿಲ್ಲ. ಜೀವಂತ ವ್ಯಕ್ತಿಯ ಮೈಗೆ ಜಿಡ್ಡು ಸವರಿ, ಪ್ಲಾಸ್ಟರಿನಿಂದ ಒಂದೊಂದೇ ಅಂಗದ ಅಚ್ಚು ತೆಗೆಯುತ್ತಿದ್ದನು. ಅಚ್ಚಿನೊಳಗೆ ಕೃತಕ ರಾಳವನ್ನೂ ಗಾಜಿನ ನಾರನ್ನೂ ತುಂಬಿ, ಗಟ್ಟಿಯಾದ ಅಂಗಗಳನ್ನು ಜೋಡಿಸುತ್ತಿದ್ದನು. ಬಳಿಕ ಬಣ್ಣದಿಂದ ನರದ ನೀಲಿ, ಚರ್ಮದ ಮಚ್ಚೆ, ತರಚಿದ ಗಾಯ ಎಲ್ಲವನ್ನೂ ಮೂಡಿಸಿ, ಕೂದಲು ನೆಟ್ಟು, ನಿಜವಾದ ಉಡುಪು ತೊಡಿಸುತ್ತಿದ್ದನು.

ಇದು ಬರಿಯ ಅನುಕರಣೆಯಲ್ಲವೆ? ಮೇಣದ ಗೊಂಬೆಗೂ ಇದಕ್ಕೂ ಭೇದವೇನು? ಮೇಣದ ಗೊಂಬೆ ಪ್ರಸಿದ್ಧರದು. ಅದು ನೋಡುವವನನ್ನು ಮೆಚ್ಚಿಸಲೆಂದೇ ನಿಂತಿರುತ್ತದೆ. ಹ್ಯಾನ್ಸನ್ನನ ಜನ ಯಾರನ್ನೂ ಮೆಚ್ಚಿಸಲು ನಿಂತವರಲ್ಲ. ಅವರು ತಮ್ಮ ಆಯಾಸದಲ್ಲಿ, ತಮ್ಮ ಯೋಚನೆಯಲ್ಲಿ ಮುಳುಗಿದ್ದಾರೆ.

1988ರಲ್ಲಿ ಆತ ರಚಿಸಿದ ‘ಕ್ವೀನಿ–2’ ಎಂಬ ಕೃತಿಯನ್ನು ನೋಡಬೇಕು. ಹೆಸರಿನಲ್ಲಿ ರಾಣಿಯ ಛಾಯೆಯಿದೆ. ಆಕೆಯ ಮುಂದಿರುವುದು ಮಾತ್ರ ಸಿಂಹಾಸನವಲ್ಲ, ಕಸದ ಗಾಡಿ. ಪೀಠವಿಲ್ಲ, ಪ್ರೇಕ್ಷಕ ನಿಂತ ನೆಲದ ಮೇಲೆಯೇ ಆಕೆಯೂ ನಿಂತಿದ್ದಾಳೆ. ಕೆಲಸದವಳೆಂದು ತಿಳಿದು ಆತ ಪಕ್ಕಕ್ಕೆ ಸರಿಯುತ್ತಾನೆ. ಪ್ರತಿಮೆಯೆಂದು ಅರಿವಾದೊಡನೆ ಮರಳಿ ಬಂದು, ಆ ಕೈಗಳನ್ನೂ ಬಳಲಿದ ಕಣ್ಣುಗಳನ್ನೂ ಎವೆಯಿಕ್ಕದೆ ದಿಟ್ಟಿಸುತ್ತಾನೆ. ಆಕೆ ಜೀವಂತಳೆಂದು ಭಾವಿಸಿದಾಗ ನೋಡದವನು, ನಿರ್ಜೀವಳೆಂದು ತಿಳಿದ ಮೇಲೆ ನೋಡುತ್ತಾನೆ!

ಇಲ್ಲಿ ಶಿಲ್ಪಿ ಮೋಸಗೊಳಿಸಿದ್ದು ಕಣ್ಣನ್ನು, ಪರೀಕ್ಷಿಸಿದ್ದು ಮನಸ್ಸನ್ನು. ಸಂಜೆ ಕಲಾಶಾಲೆಯ ಬಾಗಿಲು ಮುಚ್ಚಿದ ಮೇಲೆ ನಿಜವಾದ ಕೆಲಸದವಳೊಬ್ಬಳು ಬಂದು ಆ ಪ್ರತಿಮೆಯ ಸುತ್ತಲಿನ ನೆಲವನ್ನು ಗುಡಿಸುತ್ತಾಳೆ. ಹೊರಗೆ ಹೋಗುವ ಪ್ರೇಕ್ಷಕನಿಗೆ ಆಕೆ ಎದುರಾದರೆ, ಆತ ಆಕೆಯ ಮುಖವನ್ನೊಮ್ಮೆ ನೋಡಿಯಾನೆ? ಹಾಗೆ ನೋಡಿದನಾದರೆ ಹ್ಯಾನ್ಸನ್ನನ ಶ್ರಮ ಸಾರ್ಥಕ.