ಟ್ಯಾಂಕಿನ ಮೇಲಿನ ಮೂರು ಶ್ರುತಿಕವಲು

ನಮ್ಮ ಮಾದಾಪುರದಲ್ಲಿ ಬೈಕಿನ ಸದ್ದು ಕೇಳಿಯೇ ಅದು ಯಾರ ಮನೆಯದೆಂದು ಹೇಳುವವರಿದ್ದಾರೆ. ಕಾಫಿ ತೋಟಗಳ ಮೌನದಲ್ಲಿ ಸದ್ದು ಬಹುದೂರ ಸಾಗುತ್ತದೆ. ಮಡಿಕೇರಿಯಿಂದ ಸೋಮವಾರಪೇಟೆಗೆ ಹೋಗುವ ರಸ್ತೆಯಲ್ಲಿ ಹಟ್ಟಿಹೊಳೆ ದಾಟುವಾಗಲೇ ನನ್ನ ತಂಗಿಯ ಮಗನ ಬೈಕು ಬರುತ್ತಿದೆಯೆಂದು ಇಲ್ಲಿಯ ಅಂಗಡಿ ಕಟ್ಟೆಗೆ ತಿಳಿದುಬಿಡುತ್ತಿತ್ತು. ಅದು ಹೆಮ್ಮೆಯ ವಿಷಯವೆಂದು ಅವನು, ಅವಮಾನದ ವಿಷಯವೆಂದು ಅವನ ತಾಯಿ ತಿಳಿದಿದ್ದರು.

ಹುಡುಗನಿಗೆ ಇಪ್ಪತ್ತೊಂದು ವರ್ಷ. ಮಡಿಕೇರಿಯಲ್ಲಿ ಬಿ.ಕಾಂ. ಕೊನೆಯ ವರ್ಷ. ಎರಡು ಬೇಸಿಗೆ ರಜೆ ತೋಟದ ಲೆಕ್ಕ ಬರೆದು ಕೂಡಿಸಿದ ಹಣಕ್ಕೆ ತಂದೆಯಿಂದ ಅಷ್ಟೇ ಸಾಲ ಸೇರಿಸಿ, ಯಾರೋ ಓಡಿಸಿ ಬಿಟ್ಟ ಯಮಹಾ ಆರ್15 ಕೊಂಡಿದ್ದ. 150 ಸಿ.ಸಿ.ಯ ಎಂಜಿನ್, ನೀರಿನಿಂದ ತಂಪಾಗುವಂಥದು, ಹೊಸದಾಗಿದ್ದಾಗ 17 ಅಶ್ವಶಕ್ತಿ. ಕೊಂಡ ಆರೇ ತಿಂಗಳಿಗೆ ಅವನಿಗೆ ಅದು ಸಾಲದಾಯಿತು. ಬೆಂಗಳೂರಿನಲ್ಲಿ ಬೈಕ್ ಟ್ಯೂನ್ ಮಾಡುವವರಿದ್ದಾರೆ, ಇಪ್ಪತ್ತೈದು ಸಾವಿರ ಕೊಟ್ಟರೆ ಗಾಡಿ ಬೇರೆಯೇ ಆಗಿ ಬರುತ್ತದೆ ಎಂದು ಗೆಳೆಯನೊಬ್ಬ ಹೇಳಿದ್ದನಂತೆ. ಹಣದ ಮಾತು ಬಂದಾಗ ಮನೆಯಲ್ಲಿ ಕಾವೇರಿತು.

“ಅಣ್ಣಾ, ನೀನಾದರೂ ಇವನಿಗೆ ಬುದ್ಧಿ ಹೇಳು. ಮೇಷ್ಟ್ರ ಮಾತು ಕೇಳ್ತಾನೆ” ಎಂದಳು ತಂಗಿ.

ಮೂವತ್ತು ವರ್ಷ ವಿಜ್ಞಾನ ಪಾಠ ಮಾಡಿದವನಿಗೆ ಒಂದು ವಿಷಯ ಗೊತ್ತು: ಇಪ್ಪತ್ತೊಂದರ ಹುಡುಗ ಬುದ್ಧಿಮಾತು ಕೇಳುವುದಿಲ್ಲ, ಆದರೆ ಲೆಕ್ಕ ಸರಿಯಿದ್ದರೆ ಒಪ್ಪುತ್ತಾನೆ. ತಂಗಿಯ ಭಯವೂ ಸುಳ್ಳಲ್ಲ. ನಾನು ತರಗತಿಯಲ್ಲಿ ಹೆಸರು ಕೂಗಿ ಹಾಜರಿ ಹಾಕಿದ ಇಬ್ಬರು ಹುಡುಗರು ಈ ಬೆಟ್ಟದ ತಿರುವುಗಳಲ್ಲಿ ಬೈಕಿನಿಂದ ಬಿದ್ದು ತೀರಿಕೊಂಡಿದ್ದಾರೆ. ಅವರ ಮನೆಗೆ ಹೋಗಿ ಕುಳಿತ ಆ ಎರಡು ಸಂಜೆಗಳಲ್ಲಿ ನನಗೆ ಒಂದು ಮಾತೂ ಹೊರಡಲಿಲ್ಲ. ಆದ್ದರಿಂದ ಸೋದರಳಿಯನಿಗೆ ಬೇಡವೆನ್ನಲಿಲ್ಲ. “ಬೆಂಗಳೂರಿಗೆ ನಾನೂ ಬರುತ್ತೇನೆ. ಆದರೆ ಟ್ಯೂನಿಂಗ್ ಅಂದರೆ ಏನೆಂದು ಮೊದಲು ನನಗೆ ಹೇಳು” ಎಂದೆ. ಅವನಿಗೆ ಹೇಳಲಾಗಲಿಲ್ಲ. ನಿಮ್ಮ ಮನೆಯಲ್ಲೂ ಇಂಥ ಹುಡುಗನಿದ್ದರೆ ಕೇಳಿ ನೋಡಿ, ಅವನಿಗೂ ಆಗಲಿಕ್ಕಿಲ್ಲ.

ಉತ್ತರ ಅವನ ಕಣ್ಣ ಮುಂದೆಯೇ ಇತ್ತು. ಯಮಹಾ ಬೈಕಿನ ಟ್ಯಾಂಕಿನ ಮೇಲಿರುವ ಗುರುತನ್ನು ಗಮನಿಸಿದ್ದೀರಾ? ಅದು ಒಂದರೊಡನೊಂದು ಸೇರಿದ ಮೂರು ಟ್ಯೂನಿಂಗ್ ಫೋರ್ಕುಗಳು, ಅಂದರೆ ನಮ್ಮ ಪ್ರಯೋಗಾಲಯದ ಶ್ರುತಿಕವಲುಗಳು. ಜಪಾನಿನ ತೊರಾಕುಸು ಯಮಹಾ 1887ರಲ್ಲಿ ತಯಾರಿಸಲು ಹೊರಟಿದ್ದು ಬೈಕನ್ನಲ್ಲ, ಹಾರ್ಮೋನಿಯಂ ಜಾತಿಯ ಆರ್ಗನ್ ವಾದ್ಯವನ್ನು. ಮೋಟಾರ್ ಸೈಕಲ್ ಕಂಪನಿ ಬೇರೆಯಾಗಿ ನಿಂತದ್ದು 1955ರಲ್ಲಿ. ವಾದ್ಯಕ್ಕೆ ಶ್ರುತಿ ಸೇರಿಸುವುದಕ್ಕೂ ಎಂಜಿನ್ನಿಗೆ ಶ್ರುತಿ ಸೇರಿಸುವುದಕ್ಕೂ ಹೆಸರೊಂದೇ ಆಗಿರುವುದು ಸುಮ್ಮನೆ ಅಲ್ಲ.

ಪಿ.ಯು.ಸಿ. ವಿಜ್ಞಾನ ಓದಿದವರಿಗೆ ಅನುರಣನ ಪ್ರಯೋಗ ನೆನಪಿರಬಹುದು. ನೀರಿನಲ್ಲಿ ನಿಲ್ಲಿಸಿದ ಕೊಳವೆ, ಅದರ ಬಾಯಿಯ ಮೇಲೆ ಬಡಿದು ಹಿಡಿದ ಶ್ರುತಿಕವಲು. ಗಾಳಿಕಂಬದ ಉದ್ದ ಸರಿಯಾಗಿ ಹೊಂದಿದಾಗ ಮಾತ್ರ ಸದ್ದು ಒಮ್ಮೆಲೇ ಜೋರಾಗುತ್ತದೆ. ಎಂಜಿನ್ನಿನ ಹೊಗೆಕೊಳವೆಯಲ್ಲೂ ನಡೆಯುವುದು ಇದೇ. ಪ್ರತಿ ಸ್ಫೋಟಕ್ಕೂ ಒಂದು ಒತ್ತಡದ ಅಲೆ ಕೊಳವೆಯಲ್ಲಿ ಓಡುತ್ತದೆ, ತುದಿ ಮುಟ್ಟಿ ಹಿಂದಿರುಗುತ್ತದೆ. ಅದು ಸರಿಯಾದ ಗಳಿಗೆಯಲ್ಲಿ ಮರಳಿದರೆ ಎಂಜಿನ್ನಿಗೆ ಸಹಾಯ, ತಪ್ಪಿದ ಗಳಿಗೆಯಲ್ಲಿ ಮರಳಿದರೆ ಅಡ್ಡಿ.

ಈ ಅಲೆಯನ್ನು ಪಳಗಿಸಿದವರಲ್ಲಿ ಪೂರ್ವ ಜರ್ಮನಿಯ ಎಂ.ಝಡ್. ಕಂಪನಿಯ ಎಂಜಿನಿಯರ್ ವಾಲ್ಟರ್ ಕಾಡೆನ್ ಹೆಸರು ದೊಡ್ಡದು. ಎರಡು ಸ್ಟ್ರೋಕಿನ ಎಂಜಿನ್ನಿನಲ್ಲಿ ಹೊಸ ಪೆಟ್ರೋಲ್ ಮಿಶ್ರಣ ಸ್ವಲ್ಪ ಹೊಗೆಯ ಜೊತೆಗೇ ಜಾರಿಹೋಗುತ್ತದೆ. ನಡುವೆ ಉಬ್ಬಿ ತುದಿಯಲ್ಲಿ ಸಪೂರವಾಗುವ ಕೊಳವೆಯಿಂದ ಅಲೆಯನ್ನು ಹಿಂದಕ್ಕಟ್ಟಿ, ಜಾರಿದ ಮಿಶ್ರಣವನ್ನು ಮತ್ತೆ ಸಿಲಿಂಡರಿಗೆ ತುರುಕಿದವನು ಆತ. 1961ರಲ್ಲಿ ಅವನ 125 ಸಿ.ಸಿ. ಎಂಜಿನ್ 25 ಅಶ್ವಶಕ್ತಿ ಕೊಟ್ಟಿತು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಸ್ವೀಡನ್ನಿನ ರೇಸಿಗೆ ಹೋದ ಅವನ ಸವಾರ ಅರ್ನ್ಸ್ಟ್ ಡೆಗ್ನರ್ ಮರಳಿ ಪೂರ್ವ ಜರ್ಮನಿಗೆ ಹೋಗಲೇ ಇಲ್ಲ. ವಿದ್ಯೆಯೊಡನೆ ಜಪಾನಿನ ಸುಜುಕಿ ಸೇರಿ, 1962ರಲ್ಲಿ ಸುಜುಕಿಯ 50 ಸಿ.ಸಿ. ಬೈಕಿನ ಮೇಲೆ ವಿಶ್ವ ಚಾಂಪಿಯನ್ ಆದ. ಒಂದು ಕೊಳವೆಯ ಆಕಾರಕ್ಕೆ ಅಷ್ಟು ಬೆಲೆಯಿತ್ತು!

ನಮಗೆ ಇಷ್ಟು ದೂರ ಹೋಗಬೇಕಿಲ್ಲ. ನಾನು ಮೈಸೂರಿನಲ್ಲಿ ಬಿ.ಎಸ್ಸಿ. ಓದುವಾಗ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ ನಡೆಯುತ್ತಿತ್ತು. 1961ರಲ್ಲಿ ಜಾವಾ ಬೈಕುಗಳಿಂದ ಆರಂಭಿಸಿ, 1973ರಿಂದ ಯೆಜ್ಡಿ ಹೆಸರಿನಲ್ಲಿ ಗಾಡಿ ಹೊರಡಿಸಿ, 1996ರಲ್ಲಿ ಮುಚ್ಚಿಹೋಯಿತು. ಕೊಡಗಿನ ತೋಟದ ದಾರಿಗಳಲ್ಲಿ ಯೆಜ್ಡಿ ರೋಡ್‌ಕಿಂಗಿನ ಜೋಡಿ ಸೈಲೆನ್ಸರಿನ ಸದ್ದು ಕೇಳದ ನನ್ನ ವಯಸ್ಸಿನವರಿಲ್ಲ. ಅದರ 250 ಸಿ.ಸಿ. ಎಂಜಿನ್ನಿಗೆ ಸುಮಾರು 16 ಅಶ್ವಶಕ್ತಿ. ಈಗ ನಮ್ಮ ಹುಡುಗನ ಬೈಕು 150 ಸಿ.ಸಿ.ಯಲ್ಲೇ 17 ಕೊಡುತ್ತದೆಂದರೆ, ಕಾರ್ಖಾನೆಯವರೇ ಎಷ್ಟು ಶ್ರುತಿ ಮಾಡಿ ಕಳುಹಿಸಿದ್ದಾರೆ ನೋಡಿ. 1985ರಲ್ಲಿ ಬಂದ ಯಮಹಾ ಆರ್‌ಎಕ್ಸ್100 ನಮ್ಮ ಹಾಸ್ಟೆಲಿನ ಕನಸು. ಅದರ ಸಿಲಿಂಡರಿನ ಕಿಂಡಿಗಳನ್ನು ಅರದಿಂದ ಉಜ್ಜಿ ಅಗಲಿಸುವ ಮೆಕ್ಯಾನಿಕರು ಆಗ ಇದ್ದರು. ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಗಿಟ್ಟು, ವೈದ್ಯರ ಹಾಗೆ ಕಣ್ಣು ಮುಚ್ಚಿ ಕೇಳುತ್ತಿದ್ದರು. ಅವರ ಅಳತೆಯ ಸಾಧನವೆಂದರೆ ಆ ಕಿವಿಯೇ.

ಬೆಂಗಳೂರಿನ ವರ್ಕ್‌ಶಾಪಿನಲ್ಲಿ ಕಿವಿಯ ಜಾಗದಲ್ಲಿ ಡೈನೊ ಇತ್ತು. ಹುಡುಗ ಬೈಕಿನಲ್ಲೂ ನಾನು ಬಸ್ಸಿನಲ್ಲೂ ಹಿಂದಿನ ದಿನವೇ ಹೋಗಿದ್ದೆವು. ಡೈನೊ ಎಂದರೆ ನೆಲದಲ್ಲಿ ಹುದುಗಿಸಿದ ಭಾರವಾದ ಉಕ್ಕಿನ ಉರುಳೆ. ಅದರ ಮೇಲೆ ಹಿಂದಿನ ಚಕ್ರವಿಟ್ಟು ಬೈಕನ್ನು ಪಟ್ಟಿಗಳಿಂದ ಬಿಗಿಯುತ್ತಾರೆ. ಎಂಜಿನ್ ಆ ಉರುಳೆಯನ್ನು ಎಷ್ಟು ಬೇಗ ತಿರುಗಿಸುತ್ತದೆ ಎಂಬುದರಿಂದ ಚಕ್ರಕ್ಕೆ ಬಂದ ಶಕ್ತಿಯನ್ನು ಕಂಪ್ಯೂಟರ್ ಲೆಕ್ಕ ಹಾಕುತ್ತದೆ. ಹೊಗೆಕೊಳವೆಗೆ ಆಮ್ಲಜನಕದ ಸೆನ್ಸರ್ ಹಾಕಿ ಗಾಳಿ-ಪೆಟ್ರೋಲಿನ ಪ್ರಮಾಣವನ್ನೂ ಅಳೆಯುತ್ತಾರೆ. ಪೆಟ್ರೋಲ್ ಪೂರ್ತಿ ಉರಿಯಲು ಅದರ ತೂಕದ 14.7 ಪಾಲು ಗಾಳಿ ಬೇಕು. ಹೆಚ್ಚಿನ ಶಕ್ತಿ ಬೇಕಾದಾಗ ಸುಮಾರು 13 ಪಾಲಿಗೆ ಇಳಿಸುತ್ತಾರೆ.

ಮೊದಲ ಓಟದಲ್ಲಿ ಪರದೆಯ ಮೇಲೆ ಬಂದದ್ದು 13ಕ್ಕಿಂತಲೂ ಕಡಿಮೆ ಅಶ್ವಶಕ್ತಿ. ಹುಡುಗನ ಮುಖ ಬಾಡಿತು. ಚೈನು, ಗೇರುಗಳಲ್ಲಿ ಸ್ವಲ್ಪ ನಷ್ಟವಾಗುವುದು ಸಹಜ, ಆದರೆ ಇಷ್ಟಲ್ಲ. ಮೂವತ್ತರ ಆಸುಪಾಸಿನ ಆ ಟ್ಯೂನರ್ ಕಂಪ್ಯೂಟರನ್ನು ಮುಟ್ಟಲೇ ಇಲ್ಲ. ಬೈಕನ್ನು ಕೆಳಗಿಳಿಸಿ ಒಂದೊಂದೇ ಬಿಚ್ಚಿದ. ಗಾಳಿಯ ಫಿಲ್ಟರ್ ನಮ್ಮ ತೋಟದ ಕೆಂಪು ಧೂಳಿನಿಂದ ಕಟ್ಟಿಹೋಗಿತ್ತು. ವಾಲ್ವುಗಳ ಸಂದು ಬಿಗಿಯಾಗಿತ್ತು. ಚೈನು ಒಣಗಿ ಜೋತಿತ್ತು. ಮುಂದಿನ ಬ್ರೇಕಿನ ಪಿಸ್ಟನ್ ಕೆಸರಿಗೆ ಹಿಡಿದುಕೊಂಡು ಡಿಸ್ಕನ್ನು ಸದಾ ಉಜ್ಜುತ್ತಿತ್ತು.

“ಇದು ಬ್ರೇಕ್ ಹಿಡ್ಕೊಂಡೇ ಓಡ್ತಿದೆ ಸಾರ್. ಇದಕ್ಕೆ ಟ್ಯೂನಿಂಗ್ ಬೇರೆ!” ಎಂದು ನಕ್ಕ.

ಆಮೇಲೆ ಸೈಲೆನ್ಸರಿಗೆ ಬಂದ. ಹಿಂದಿನ ಮಾಲೀಕ ಕಂಪನಿಯ ಸೈಲೆನ್ಸರ್ ತೆಗೆದು ಗುಡುಗುವ ಒಂದು ಕೊಳವೆ ಹಾಕಿಸಿದ್ದ. ಇಂಧನದ ಲೆಕ್ಕವನ್ನಾಗಲೀ ಅಲೆಯ ಲೆಕ್ಕವನ್ನಾಗಲೀ ಯಾರೂ ಅದಕ್ಕೆ ಹೊಂದಿಸಿರಲಿಲ್ಲ. ಸದ್ದು ಹೆಚ್ಚಿತ್ತು, ಏರು ಹತ್ತಲು ಬೇಕಾದ ಎಳೆತ ಕಡಿಮೆಯಾಗಿತ್ತು. ಹಳೆಯ ಸೈಲೆನ್ಸರ್ ಒಂದನ್ನು ಹುಡುಕಿ ಹಾಕಿ, ಉಳಿದದ್ದೆಲ್ಲ ಸರಿಮಾಡಿ ಸಂಜೆ ಮತ್ತೆ ಓಡಿಸಿದಾಗ 15 ದಾಟಿತು. ಒಂದು ಬಿಂದುವಿನಷ್ಟೂ ಪ್ರೋಗ್ರಾಂ ಬದಲಿಸಿರಲಿಲ್ಲ. ಆದ ಖರ್ಚು, ಹುಡುಗ ಕೂಡಿಟ್ಟುಕೊಂಡು ಬಂದದ್ದರ ಕಾಲು ಭಾಗಕ್ಕಿಂತ ಕಡಿಮೆ.

ಇನ್ನೂ ಹತ್ತು ಅಶ್ವಶಕ್ತಿ ಏರಿಸಲು ಆಗುವುದಿಲ್ಲವೇ ಎಂದು ಹುಡುಗನ ಪರವಾಗಿ ನಾನೇ ಕೇಳಿದೆ. “ಆಗುತ್ತೆ ಸಾರ್. ದೊಡ್ಡ ಪಿಸ್ಟನ್, ಬೇರೆ ಕ್ಯಾಮ್, ಬೇರೆ ಮ್ಯಾಪ್. ಆಮೇಲೆ ಕ್ಲಚ್ಚು, ಬ್ರೇಕು, ಟೈರು ಎಲ್ಲ ಬದಲಿಸ್ಬೇಕು. ಎಂಜಿನ್ ಆಯಸ್ಸು ಕಮ್ಮಿ. ಅದು ಟ್ರ್ಯಾಕಿನ ಗಾಡಿ, ರಸ್ತೇದಲ್ಲ” ಎಂದ. ಕಾನೂನೂ ಅದನ್ನೇ ಹೇಳುತ್ತದೆ. ತಯಾರಕರ ನಮೂನೆಗೆ ವಿರುದ್ಧವಾಗಿ ವಾಹನವನ್ನು ಮಾರ್ಪಡಿಸಬಾರದೆಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಸ್ಪಷ್ಟಪಡಿಸಿತು. ಅದೇ ವರ್ಷದ ಮೋಟಾರು ವಾಹನ ತಿದ್ದುಪಡಿ ಕಾಯ್ದೆಯಂತೆ, ಅಂಥ ಮಾಲೀಕನಿಗೆ ಆರು ತಿಂಗಳವರೆಗೆ ಸಜೆ, ಅಥವಾ ಒಂದೊಂದು ಮಾರ್ಪಾಡಿಗೂ 5,000 ರೂಪಾಯಿ ದಂಡ, ಅಥವಾ ಎರಡೂ. ಹದಿನೆಂಟು ತುಂಬದ ಮಕ್ಕಳ ಕೈಗೆ ಬೈಕಿನ ಕೀಲಿ ಕೊಡುವ ತಂದೆತಾಯಿಗಳಂತೂ ಇನ್ನೊಂದು ಮಾತು ನೆನಪಿಡಬೇಕು: ಮಗು ತಪ್ಪು ಮಾಡಿದರೆ 25,000 ರೂಪಾಯಿ ದಂಡ ಮತ್ತು ಮೂರು ವರ್ಷದವರೆಗೆ ಸಜೆ ಪೋಷಕರಿಗೆ.

ಹಿಂತಿರುಗಿದ ಮೇಲೆ ಮನೆಯ ಜಗಲಿಯಲ್ಲಿ ಕುಳಿತು ನಾವು ಲೆಕ್ಕ ಮಾಡಿದೆವು. ಮೊದಲನೆಯದು ಬೆಟ್ಟದ ಲೆಕ್ಕ. ಮಡಿಕೇರಿ ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಎತ್ತರ. ಅಲ್ಲಿ ಗಾಳಿಯ ಸಾಂದ್ರತೆ ಮಂಗಳೂರಿಗಿಂತ ಸುಮಾರು ಶೇಕಡಾ 10ರಷ್ಟು ಕಡಿಮೆ, ಎಂಜಿನ್ನಿನ ಶಕ್ತಿಯೂ ಹೆಚ್ಚುಕಡಿಮೆ ಅಷ್ಟೇ ಕಡಿಮೆ. ಕಾರ್ಬುರೇಟರಿನ ಬೈಕಾದರೆ ಗಾಳಿ ಕಡಿಮೆಯಾದಷ್ಟು ಪೆಟ್ರೋಲು ಕಡಿಮೆಯಾಗದೆ ಕಪ್ಪು ಹೊಗೆ ಬಿಡುತ್ತದೆ. ಈಗಿನ ಬೈಕುಗಳ ಕಂಪ್ಯೂಟರ್ ಒತ್ತಡ ಅಳೆದು ಪೆಟ್ರೋಲನ್ನು ತಾನೇ ಇಳಿಸುತ್ತದೆ, ಆದರೆ ಇಲ್ಲದ ಗಾಳಿಯನ್ನು ಅದೂ ತಂದುಕೊಡಲಾರದು.

ಎರಡನೆಯದು ವೇಗದ ಲೆಕ್ಕ. ವೇಗ ಹೆಚ್ಚಿದಂತೆ ಗಾಳಿಯನ್ನು ಸೀಳಲು ಬೇಕಾದ ಶಕ್ತಿ ವೇಗದ ಘನಕ್ಕೆ ಅನುಪಾತದಲ್ಲಿ ಏರುತ್ತದೆ. ಶಕ್ತಿ ಶೇಕಡಾ 10 ಹೆಚ್ಚಾದರೆ ಗರಿಷ್ಠ ವೇಗ ಹೆಚ್ಚುವುದು ಶೇಕಡಾ 3 ಮಾತ್ರ. 130 ಕಿ.ಮೀ. ಓಡುವ ಬೈಕು 134 ಓಡೀತು. ಆ ನಾಲ್ಕು ಕಿಲೋಮೀಟರಿಗೆ ಇಪ್ಪತ್ತೈದು ಸಾವಿರ!

ಮೂರನೆಯದು ತಿರುವಿನ ಲೆಕ್ಕ. 25 ಮೀಟರ್ ತ್ರಿಜ್ಯದ ತಿರುವು ಎಂದುಕೊಳ್ಳಿ. ಒಣ ಡಾಂಬರಿನಲ್ಲಿ ಘರ್ಷಣಾಂಕ ಸುಮಾರು 0.7. ಅದನ್ನು ಗುರುತ್ವ ವೇಗೋತ್ಕರ್ಷ 9.8ರಿಂದಲೂ ತ್ರಿಜ್ಯದಿಂದಲೂ ಗುಣಿಸಿ ವರ್ಗಮೂಲ ತೆಗೆದರೆ ಗಂಟೆಗೆ ಸುಮಾರು 47 ಕಿ.ಮೀ. ಅದಕ್ಕಿಂತ ಹೆಚ್ಚಾದರೆ ಚಕ್ರ ಜಾರುತ್ತದೆ. ಮಳೆಯಲ್ಲಿ ಘರ್ಷಣಾಂಕ 0.4ಕ್ಕೆ ಇಳಿದರೆ ಅದೇ ತಿರುವಿನ ಮಿತಿ 36 ಕಿ.ಮೀ.ಗೂ ಕಡಿಮೆ. ಕೊಳೆತ ಎಲೆ, ತೋಟದ ಕೆಸರು ಬಿದ್ದಿದ್ದರೆ ಇನ್ನೂ ಕಡಿಮೆ. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಹಟ್ಟಿಹೊಳೆ ಕಡೆ ಗುಡ್ಡಗಳೇ ರಸ್ತೆಗೆ ಇಳಿದದ್ದನ್ನು ಕಂಡ ನಮಗೆ ಕೆಸರೆಂದರೆ ಏನೆಂದು ಹೇಳಿಕೊಡಬೇಕಿಲ್ಲ.

ಹುಡುಗ ಬಹಳ ಹೊತ್ತು ಹಾಳೆ ನೋಡುತ್ತ ಕುಳಿತ. ಆಮೇಲೆ, “ಮಾವ, ಇದರಲ್ಲಿ ಅಶ್ವಶಕ್ತಿ ಎಲ್ಲಿ ಬಂತು?” ಎಂದ.

ಬಂದಿರಲಿಲ್ಲ. ಆ ಸೂತ್ರದಲ್ಲಿ ಅಶ್ವಶಕ್ತಿಗೆ ಜಾಗವೇ ಇಲ್ಲ. ನೂರು ಅಶ್ವಶಕ್ತಿಯ ಬೈಕಿಗೂ ಹತ್ತರ ಬೈಕಿಗೂ ಆ ತಿರುವಿನಲ್ಲಿ ಒಂದೇ ನ್ಯಾಯ. ತೀರಿಹೋದ ನನ್ನ ಇಬ್ಬರು ವಿದ್ಯಾರ್ಥಿಗಳ ವಿಷಯವನ್ನು ನಾನು ಆಗ ಎತ್ತಲಿಲ್ಲ. ಅವರಲ್ಲೊಬ್ಬ ಅವನ ಜೊತೆಗೇ ಆಡಿ ಬೆಳೆದವನು. ಎತ್ತುವ ಅಗತ್ಯವಿರಲಿಲ್ಲ.

ತಂದೆತಾಯಿಗಳಿಗೆ ಒಂದು ಮಾತು. ವೇಗದ ಆಸೆ ಕೆಟ್ಟದ್ದಲ್ಲ, ಅದಕ್ಕೊಂದು ಜಾಗ ಬೇಕು. ಕೊಯಮತ್ತೂರಿನಲ್ಲಿ, ಚೆನ್ನೈ ಬಳಿಯ ಇರುಂಗಾಟುಕೋಟೈಯಲ್ಲಿ ರೇಸಿನ ಟ್ರ್ಯಾಕುಗಳಿವೆ. ಬೆಂಗಳೂರಿನ ಸಿ.ಎಸ್. ಸಂತೋಷ್ 2015ರಲ್ಲಿ ಡಕಾರ್ ರ್‍ಯಾಲಿ ಮುಗಿಸಿದ ಮೊದಲ ಭಾರತೀಯರಾದರು; ಬೆಂಗಳೂರಿನವರೇ ಆದ ಐಶ್ವರ್ಯ ಪಿಸ್ಸೆ 2019ರಲ್ಲಿ ಬಾಹಾ ವಿಶ್ವಕಪ್ಪಿನ ಮಹಿಳಾ ವಿಭಾಗ ಗೆದ್ದರು. ಎಂಜಿನ್ ಬಿಚ್ಚುವ ಕುತೂಹಲವೂ ಕೆಟ್ಟದ್ದಲ್ಲ. ಕೈಗೆ ಗ್ರೀಸ್ ಹತ್ತಿದ ಮಗ ಹಾಳಾದನೆಂದು ತಿಳಿಯಬೇಡಿ. ನಾವು ಕಂಡ ಆ ಟ್ಯೂನರ್ ಡಿಪ್ಲೊಮಾ ಓದಿದವನು. ಅಲೆ, ಒತ್ತಡ, ದಹನ ಎಲ್ಲವನ್ನೂ ನನಗಿಂತ ಚೆನ್ನಾಗಿ ವಿವರಿಸಿದ.

ಈಗ ನಮ್ಮ ಹುಡುಗನ ಬಳಿ ವಾಲ್ವಿನ ಸಂದು ಅಳೆಯುವ ಫೀಲರ್ ಗೇಜ್ ಇದೆ. ಭಾನುವಾರ ಅಕ್ಕಪಕ್ಕದ ತೋಟದವರ ಬೈಕುಗಳು ಅವರ ಅಂಗಳಕ್ಕೆ ಬರುತ್ತವೆ. ಚೈನು, ಫಿಲ್ಟರ್, ಬ್ರೇಕು ನೋಡಿಕೊಡುತ್ತಾನೆ. ಉಳಿದ ಹಣದಲ್ಲಿ ಎರಡು ಒಳ್ಳೆಯ ಟೈರು, ಒಂದು ಒಳ್ಳೆಯ ಹೆಲ್ಮೆಟ್ ಬಂದವು. ತಂಗಿಗೆ ಮಾತ್ರ ಹೊಸದೊಂದು ಚಿಂತೆ ಹತ್ತಿದೆ. “ಮೊದಲೆಲ್ಲ ಅವನು ಹಟ್ಟಿಹೊಳೆ ದಾಟಿದಾಗಲೇ ಒಲೆ ಹಚ್ಚಿ ಅಕ್ಕಿರೊಟ್ಟಿ ಬೇಯಿಸ್ತಿದ್ದೆ. ಈಗ ಗೇಟಿಗೆ ಬಂದರೂ ಗೊತ್ತಾಗಲ್ಲ” ಎನ್ನುತ್ತಾಳೆ.