206ರಲ್ಲಿ ಒಂದು ದಿನ

ಅಮೆರಿಕದ ರೂಟ್ 66 ಬಗ್ಗೆ ಕೇಳಿರ್ತೀರಿ. 1926ರಲ್ಲಿ ನಂಬರ್ ಸಿಕ್ಕ ರಸ್ತೆ, ಶಿಕಾಗೋದಿಂದ ಸಾಂತಾ ಮೋನಿಕಾವರೆಗೆ ಸುಮಾರು 3,900 ಕಿಲೋಮೀಟರ್. 1930ರ ದಶಕದಲ್ಲಿ ಬರ, ಧೂಳು, ಸಾಲ ಮೂರೂ ಒಟ್ಟಿಗೆ ಮೇಲೆ ಬಿದ್ದಾಗ ಒಕ್ಲಹೋಮಾ ಕಡೆಯ ರೈತರು ಗಂಟುಮೂಟೆ ಕಟ್ಕೊಂಡು ಪಶ್ಚಿಮಕ್ಕೆ ಹೊರಟಿದ್ದು ಇದರ ಮೇಲೇ. ಆಮೇಲೆ ಅಗಲವಾದ ಹೊಸ ಹೈವೇಗಳು ಬಂದವು, 1985ರಲ್ಲಿ ಹಳೇದನ್ನ ಪಟ್ಟಿಯಿಂದಲೇ ತೆಗೆದುಹಾಕಿದರು. ಮೊಹಾವಿ ಮರುಭೂಮಿಯ ನಡುವೆ ಆಂಬಾಯ್ ಅಂತ ಒಂದು ಊರಿದೆ. 1973ರಲ್ಲಿ ಹೊಸ ಹೈವೇ ಊರನ್ನ ಬಿಟ್ಟು ಪಕ್ಕದಲ್ಲಿ ಹಾದುಹೋಯ್ತು, ಊರು ಖಾಲಿಯಾಯ್ತು.

ಇದನ್ನೆಲ್ಲ ನನಗೆ ಕೊರೆದದ್ದು ನನ್ನ ರೂಮ್‌ಮೇಟ್. ಆನ್‌ಸೈಟ್ ಹೋದವನು ಅಲ್ಲಿ ಕಾರು ಓಡಿಸಿಕೊಂಡು ಬಂದಿದ್ದ. ಆಫೀಸಿನ ಕೆಫೆಟೇರಿಯಾದಲ್ಲಿ ಕನಿಷ್ಠ ಹತ್ತು ಸಲ ಹೇಳಿರಬೇಕು. "ಲೋ, ಗಂಟೆಗಟ್ಲೆ ಓಡಿಸಿದ್ರೂ ಒಂದು ಮರ ಸಿಗಲ್ಲ ಕಣೋ." ಅವನೂರು ತಿಪಟೂರಿನ ಹತ್ತಿರದ ಒಂದು ಹಳ್ಳಿ. ನಂದು ತುರುವೇಕೆರೆ. ಅವರ ಮನೇಲಿ ತೋಟ, ನಮ್ಮಪ್ಪ ಮೇಷ್ಟ್ರು. ಹಾಗಾಗಿ ತೆಂಗಿನ ಬಗ್ಗೆ ಮಾತಾಡೋ ಹಕ್ಕು ತನಗೊಬ್ಬನಿಗೇ ಇದೆ ಅಂತ ಅವನ ನಂಬಿಕೆ :-)

"ಮರುಭೂಮಿ ನೋಡೋಕೆ ಅಷ್ಟು ದೂರ ಯಾಕಯ್ಯ ಹೋಗ್ಬೇಕಿತ್ತು, 206 ಇಲ್ವಾ?" ಅಂದೆ. ಆ ಮಾತಿನ ಮೇಲೆ 2024ರ ಏಪ್ರಿಲ್‌ನಲ್ಲಿ, ಒಂದು ಶನಿವಾರ ಬೆಳಗ್ಗೆ ಐದಕ್ಕೆ, ಅವನ ಹಳೇ ಬುಲೆಟ್ ಹತ್ತಿದೆವು.

ತುಮಕೂರಿನಿಂದ ಗುಬ್ಬಿ, ತಿಪಟೂರು, ಅರಸೀಕೆರೆ ಮೇಲೆ ಶಿವಮೊಗ್ಗ, ಜೋಗ, ಹೊನ್ನಾವರಕ್ಕೆ ಹೋಗೋ ಹೆದ್ದಾರಿಗೆ 206 ಅನ್ನೋದು ಹಳೇ ನಂಬರ್. 2010ರಲ್ಲಿ ದೇಶದ ಹೆದ್ದಾರಿಗಳಿಗೆಲ್ಲ ಹೊಸ ನಂಬರ್ ಕೊಟ್ಟಾಗ ನಮ್ಮ ಕಡೆಯ ಭಾಗ 73 ಆಯ್ತು. ಯಾರೂ ಹಾಗೆ ಕರೆಯಲ್ಲ, ನಾನೂ ಕರೆಯಲ್ಲ. ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿಂದು, ಗುಬ್ಬಿ, ನಿಟ್ಟೂರು ದಾಟಿದ್ದೇ ಗೊತ್ತಾಗಲಿಲ್ಲ. ಆಗ ರಸ್ತೆ ಅಗಲ ಮಾಡೋ ಕೆಲಸ ನಡೀತಿತ್ತು. ಒಂದು ಕಡೆ ನುಣ್ಣನೆ ನಾಲ್ಕು ಪಥ, ಮತ್ತೊಂದು ಕಡೆ ಮಣ್ಣಿನ ರಾಶಿ. ಅರ್ಧಕ್ಕೇ ನಿಂತ ಸೇತುವೆಗಳು. ಗಾಡಿ ಓಡಿಸುತ್ತಿದ್ದ ಇವನು ತಿರುಗಿ ಕೂಗಿದ: "ಬೈಪಾಸ್ ಆದ್ಮೇಲೆ ಊರೊಳಗೆ ಯಾವನ್ ಬರ್ತಾನೋ? ನಮ್ದೂ ಆಂಬಾಯೇ!"

ಕೆ.ಬಿ. ಕ್ರಾಸ್‌ನಲ್ಲಿ ಇನ್ನೊಂದು ಹೆದ್ದಾರಿ ಅಡ್ಡ ಹಾಯುತ್ತೆ, 150ಎ. ಎಡಕ್ಕೆ ತಿರುಗಿದರೆ ನಮ್ಮ ತುರುವೇಕೆರೆ, ಹೊಯ್ಸಳರ ಕಾಲದ ಗುಡಿಗಳು, ಗಂಗಾಧರೇಶ್ವರನ ಮುಂದಿನ ಫಳಫಳ ಹೊಳೆಯೋ ಕರೀ ನಂದಿ. ಅದನ್ನ ಇನ್ನೊಂದು ಸಲ ಬರೀತೀನಿ. ನಾವು ಬಲಕ್ಕೆ ತಿರುಗಿದೆವು, ಚಿಕ್ಕನಾಯಕನಹಳ್ಳಿ, ಹುಳಿಯಾರಿನ ಕಡೆ.

ಈ ರಸ್ತೆಯಲ್ಲಿ ಹೋಗೋರಿಗೆ ಕಾಣೋದು ಬರೀ ಹಸಿರು. ಎರಡೂ ಕಡೆ ತೆಂಗು. ಫೋಟೋ ತೆಗೆದು ಹಾಕಿದರೆ 'ಕೇರಳಾನಾ?' ಅಂತ ಕೇಳ್ತಾರೆ. ಬುಲೆಟ್ ನಿಲ್ಲಿಸಿ, ಬೇಲಿ ದಾಟಿ, ತೋಟದೊಳಗೆ ನೂರು ಹೆಜ್ಜೆ ನಡೀರಿ. ಜೋತುಬಿದ್ದ ಗರಿ, ಸಣ್ಣ ನಿಂಬೆ ಗಾತ್ರಕ್ಕೇ ಉದುರಿದ ಹರಳು. ಅಲ್ಲೊಂದು ಇಲ್ಲೊಂದು ಸುಳಿಯೇ ಬಿದ್ದುಹೋಗಿ ಲೈಟ್ ಕಂಬದ ಹಾಗೆ ನಿಂತ ಮರ. ತೆಂಗು ಕರಾವಳಿಯ ಮರ ಕಣ್ರೀ. ಆರುನೂರು ಏಳುನೂರು ಮಿಲಿಮೀಟರ್ ಮಳೆ ಬೀಳೋ ನೆಲದಲ್ಲಿ ಅದು ಬದುಕಿರೋದು ಕೆರೆಯಿಂದ, ಹೇಮಾವತಿ ನಾಲೆ ಬಂದ ಕಡೆ ನಾಲೆಯಿಂದ, ಮಿಕ್ಕ ಕಡೆಯೆಲ್ಲ ಬೋರ್‌ವೆಲ್‌ನಿಂದ. 2023ರಲ್ಲಿ ಮಳೆ ಕೈಕೊಟ್ಟಾಗ ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನ ಬರಪೀಡಿತ ಅಂತ ಘೋಷಿಸಿದ್ದರು. ನಾವು ಹೋಗಿದ್ದು ಅದರ ಮುಂದಿನ ಬೇಸಿಗೆ.

ಚಿಕ್ಕನಾಯಕನಹಳ್ಳಿ ದಾಟಿದ ಮೇಲೆ ಗುಡ್ಡಗಳು. ಇಲ್ಲಿ ಕಬ್ಬಿಣದ ಅದಿರು ತೆಗೀತಿದ್ದರು. 2011ರಲ್ಲಿ ಸುಪ್ರೀಂ ಕೋರ್ಟ್ ಗಣಿಗಾರಿಕೆ ನಿಲ್ಲಿಸಿದ ಜಿಲ್ಲೆಗಳಲ್ಲಿ ನಮ್ಮದೂ ಒಂದು. ಹುಳಿಯಾರಿನಿಂದ ಶಿರಾ ಕಡೆ ಹೋದರೆ ಬುಕ್ಕಾಪಟ್ಟಣದ ಕುರುಚಲು ಕಾಡು. ಅಲ್ಲಿ ಚಿಂಕಾರ ಇದೆ! ರಾಜಸ್ಥಾನದ ಥಾರ್ ಮರುಭೂಮಿಯಲ್ಲಿ ಓಡಾಡೋ ಪುಟ್ಟ ಜಿಂಕೆ. ಅದಕ್ಕೋಸ್ಕರ 2019ರಲ್ಲಿ ಅಭಯಾರಣ್ಯ ಅಂತ ಘೋಷಣೆಯೂ ಆಯ್ತು. ನಮಗೆ ಕಂಡಿದ್ದು ಕುರಿಮಂದೆ ಮಾತ್ರ. ಆದರೂ ವಾದ ನಾನೇ ಗೆದ್ದೆ. "ಚಿಂಕಾರ ಸುಮ್ನೆ ಬಂದು ಸೇರ್ಕೊಂಡಿದ್ಯೇನೋ? ತೆಂಗು ಹೊರಗಿಂದು, ಅದು ಇಲ್ಲೀದು" ಅಂದೆ. ಇವನು ಮಾತಾಡಲಿಲ್ಲ.

ಮಧ್ಯಾಹ್ನ ಅವರ ಮನೆ. ಮುದ್ದೆ, ಹುರುಳಿಕಾಳು ಸಾರು. ಊಟ ಆದಮೇಲೆ ಅವರಪ್ಪ ಅಟ್ಟ ತೋರಿಸಿದರು. ತಿಪಟೂರು ಉಂಡೆ ಕೊಬ್ಬರಿಗೆ ಹೆಸರು ಅನ್ನೋದು ನಿಮಗೆ ಗೊತ್ತು, ಅದು ಆಗೋದು ಹೇಗೆ ಅಂತ ಪೇಟೆಯವರಿಗೆ ಗೊತ್ತಿರಲ್ಲ. ಬಲಿತ ಕಾಯನ್ನ ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿ ಹತ್ತು ಹನ್ನೊಂದು ತಿಂಗಳು ಮುಟ್ಟಲ್ಲ. ಒಳಗಿನ ನೀರು ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟು, ಅಲ್ಲಾಡಿಸಿದರೆ ಗಡಗಡ ಅನ್ನಬೇಕು. ಆಮೇಲೆ ಸುಲಿದು, ಚಿಪ್ಪು ಒಡೆದು, ಉಂಡೆ ಒಡೆಯದ ಹಾಗೆ ತೆಗೀಬೇಕು. ಹೆಚ್ಚಿನದು ಉತ್ತರ ಭಾರತಕ್ಕೆ ಹೋಗುತ್ತೆ, ಸಿಹಿತಿಂಡಿಗೆ, ಮದುವೆಗೆ. ಅಂದರೆ ಇವತ್ತು ಅಟ್ಟಕ್ಕೆ ಹಾಕಿದ್ದಕ್ಕೆ ಮುಂದಿನ ವರ್ಷ ಏನು ರೇಟು ಅಂತ ಯಾರಿಗೂ ಗೊತ್ತಿಲ್ಲ. ನಮ್ಮ ಪ್ರಾಜೆಕ್ಟ್ ಮ್ಯಾನೇಜರ್‌ಗಳು ಇಂಥ ಡೆಡ್‌ಲೈನ್ ಒಪ್ತಾರಾ?

2023ರಲ್ಲಿ ಕೇಂದ್ರದ ಬೆಂಬಲ ಬೆಲೆ ಕ್ವಿಂಟಲ್‌ಗೆ 11,750 ರೂಪಾಯಿ, 2024ಕ್ಕೆ 12,000. ಪೇಟೆಯಲ್ಲಿ ಅದಕ್ಕಿಂತ ಸಾವಿರಗಟ್ಟಲೆ ಕಮ್ಮಿಗೆ ಹೋಗ್ತಿತ್ತು. ಬೆಂಬಲ ಬೆಲೆಗೆ ಕೊಡೋಕೆ ಹೆಸರು ಬರೆಸಬೇಕು, ಖರೀದಿಗೆ ಮಿತಿ ಬೇರೆ. ಇವರ ಸರದಿ ಬರೋಷ್ಟರಲ್ಲಿ ಮುಗಿದಿತ್ತಂತೆ.

"ಎರಡು ವರ್ಷದ್ದು ಐತೆ ಕಣಪ್ಪ. ಇಟ್ಕೊಳಾಣ ಅಂದ್ರೆ ಬೋರು ನಿಂತೋಗೈತೆ" ಅಂದರು ಅವರಪ್ಪ. ಹಿಂದಿನ ತಿಂಗಳು ಮೂರನೇ ಬೋರು ಬತ್ತಿತ್ತು. ನಾಲ್ಕನೇದನ್ನ ಸಾವಿರ ಅಡಿಗೆ ಹೊಡೆಸಬೇಕು, ಇಲ್ಲದಿದ್ದರೆ ಮರ ಹೋಗುತ್ತೆ. ಅಟ್ಟದ ಕೊಬ್ಬರಿ ಮಾರಬೇಕು, ತೋಟ ಉಳೀಬೇಕು.

ಇವನು ತಗ್ಗಿದ ದನಿಯಲ್ಲಿ, "ಅಪ್ಪಾಜಿ, ದುಡ್ಡು ನಾನು ಕಳಿಸ್ತೀನಿ, ಕೊಬ್ಬರಿ ಇರ್ಲಿ" ಅಂದ.

"ನಿನ್ ಸಂಬಳದಲ್ಲಿ ಮರ ಸಾಕೋದಾದ್ರೆ ಅದು ತೋಟ ಅಲ್ಲ ಕಣ್ಲಾ, ಶೋಕಿ" ಅಂದು ಅವರು ಎದ್ದು ಹೋದರು.

ವಾಪಸ್ ಬರುವಾಗ ಗುಬ್ಬಿವರೆಗೂ ಇಬ್ಬರೂ ಮಾತಾಡಲಿಲ್ಲ. ಎದುರಿಗೆ ಬೋರ್ ಕೊರೆಯೋ ಲಾರಿಗಳು ಬರ್ತಿದ್ದವು, ತಮಿಳುನಾಡು ನಂಬರ್‌ನವು. ಐದರವರೆಗೆ ಎಣಿಸಿ ಬಿಟ್ಟೆ.

ಮೇ ತಿಂಗಳಲ್ಲಿ ಅಟ್ಟ ಖಾಲಿ ಮಾಡಿದರು. ಬೋರಲ್ಲಿ ಒಂದೂವರೆ ಇಂಚು ನೀರು ಬಂತು. 2025ರಲ್ಲಿ ಬರದಿಂದ ಫಸಲು ಕಮ್ಮಿಯಾಗಿ ಕೊಬ್ಬರಿ ರೇಟು ಏರಿತು, ಕ್ವಿಂಟಲ್‌ಗೆ 20 ಸಾವಿರ ದಾಟಿ ಇನ್ನೂ ಮೇಲಕ್ಕೆ ಹೋಯ್ತು. ಇವನು ಕ್ಯಾಲ್ಕುಲೇಟರ್ ತೆಗೆದು ಲೆಕ್ಕ ಹಾಕೋಕೆ ಕೂತ, ನಾನು ಕಿತ್ಕೊಂಡೆ. ಊರಿಗೆ ಫೋನ್ ಮಾಡಿದರೆ ಅವರಪ್ಪ ಆರಾಮಾಗೇ ಇದ್ದರಂತೆ. ಅಟ್ಟದಲ್ಲಿ ಆ ವರ್ಷದ ಕಾಯಿ ಇತ್ತು, ಅಲ್ಲಾಡಿಸಿದರೆ ಒಳಗೆ ಇನ್ನೂ ನೀರಿನ ಸದ್ದು.